ನೂರ್ವಿಕ್ ಬ್ಯಾಂಡ್‌ಸೆಟ್ಟಿನ ಎಡಗಡೆ ಜಾಗ

ಮಿರ್ಲೆ
9 ಆಗಸ್ಟ್ 1998

ವಯನಾಡಿನ ಘೋರಾರಣ್ಯದಲ್ಲಿ ಅಜ್ಞಾತವಾಸ ಕೈಗೊಂಡು, ಮಾನಂದವಾಡಿ ಬಸ್‌ಸ್ಟ್ಯಾಂಡಿನ ಎದುರು ಪರೋಟ ಬಡಿಯುವ ಪೀಠವನ್ನು ಅಲಂಕರಿಸಿರುವ ಸ್ಯಾಕ್ಸೋಫೋನ್ ವಿದ್ವಾನ್ ಲಿಂಗರಾಜು ಅವರ ಸನ್ನಿಧಾನಕ್ಕೆ, ಮಿರ್ಲೆಯ ಬೀರೇಶ್ವರ ಬ್ಯಾಂಡ್‌ಸೆಟ್ಟಿನ ಸೈಡ್ ಡ್ರಮ್ ಚಂದು ಯಾರೂ ಕೇಳದೆ ಬರೆದುಕೊಂಡ ಬಿನ್ನಹ.

ನಿನ್ನನ್ನು ಪತ್ತೆ ಮಾಡಿದ ಕೀರ್ತಿ ನನ್ನದಲ್ಲ, ಮಾನಂದವಾಡಿ ಬಸ್ಸಿನ ಡ್ರೈವರ್ ಶಿವಣ್ಣನದು. ನಾವು ಕೋಟೆ ತಾಲ್ಲೂಕಿನ ಕಡೆ ಒಂದು ಗೃಹಪ್ರವೇಶ ಮುಗಿಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅವನು ಟೀ ಲೋಟ ಹಿಡಿದು ನನ್ನ ಡ್ರಮ್ಮನ್ನೇ ನೋಡುತ್ತ ನಿಂತ. ಆಮೇಲೆ, "ನಿಮ್ ಸೆಟ್ಟಲ್ಲಿ ಸೊಟ್ಟ ಪೀಪಿ ಊದ್ತಿದ್ನಲ್ಲ ಉದ್ದುಕಿರೋ ಉಡ್ಗ, ಅವ್ನು ಮಾನಂದವಾಡೀಲಿ ಪರೋಟ ಬಡೀತಾವ್ನೆ ಕಣ್ಲಾ," ಎಂದ. ಪಕ್ಕದಲ್ಲೇ ನಿಮ್ಮಪ್ಪ ಇದ್ದರು. ಕೇಳಿಸಿಕೊಂಡರು. ಕ್ಲಾರಿನೆಟ್ ಪೆಟ್ಟಿಗೆಯ ಕೊಂಡಿ ತೆಗೆದರು, ಮತ್ತೆ ಹಾಕಿದರು. ಅಷ್ಟೇ.

ಮುಂದೊಂದು ಕಾಲದಲ್ಲಿ ಈ ಪತ್ರವನ್ನು ಸಂಶೋಧಕರು ಓದುವ ಸಂಭವ ಇರುವುದರಿಂದ ಹಿಂದಿನ ಘಟನೆಯನ್ನು ಸಂಕ್ಷೇಪವಾಗಿ ದಾಖಲಿಸುತ್ತೇನೆ. ಹೋದ ಮೇ ತಿಂಗಳು ಪಿರಿಯಾಪಟ್ಟಣದ ಛತ್ರದಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡು ನುಡಿಸುವುದನ್ನು ಬಿಟ್ಟು, ನೀನು ನಾರ್ವೆ ಮೇಡಂ ಕೊಟ್ಟ ನಮ್ಮ ನೂರ್ವಿಕ್ ಕ್ಯಾಸೆಟ್ಟಿನ ಆ ಉದ್ದನೆಯ ರಾಗ ಎತ್ತಿದೆ. ಹೆಣ್ಣು ಅತ್ತಳು, ಹೆಣ್ಣಿನ ತಾಯಿ ಅತ್ತಳು, ಅದು ವಾಡಿಕೆ. ಗಂಡೂ ಅತ್ತ. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಅತ್ತರು. ಗಂಡಿನ ದೊಡ್ಡಪ್ಪ ಮಾತ್ರ ಅಳದೆ, ಇದೇನು ಹೆಣದ ಮುಂದೆ ಊದುವ ರಾಗವನ್ನು ಮದುವೆ ಮನೇಲಿ ಊದುತ್ತಿದ್ದೀರಿ ಎಂದು ಕೂಗಾಡಿದ. ನಿಮ್ಮಪ್ಪ, ಅಂದರೆ ನಮ್ಮ ಬ್ಯಾಂಡ್ ಮೇಷ್ಟ್ರು ಚಿಕ್ಕಬೀರಯ್ಯನವರು, ಕ್ಲಾರಿನೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ನಿನ್ನ ಕೆನ್ನೆಗೆ ಬಾರಿಸಿದರು. ನೀನು ಸ್ಯಾಕ್ಸೋಫೋನನ್ನು ಕತ್ತಿನಿಂದ ತೆಗೆದು ನನ್ನ ಡ್ರಮ್ಮಿನ ಮೇಲಿಟ್ಟೆ. ಅದರ ಮೇಲೆ ನಿನ್ನ ಕೆಂಪು ಟೋಪಿ ಇಟ್ಟೆ. ಹೋದೆ.

ಇನ್ನು ಇಲ್ಲಿಯ ಸಮಾಚಾರ. ನಿಮ್ಮಪ್ಪನ ಕಟ್ಟಲೆ ನಿನಗೆ ಗೊತ್ತು. ಸೆಟ್ಟಿನಲ್ಲಿ ಯಾರು ಬರಲಿ ಬಿಡಲಿ ಸಾಲು ಮುಚ್ಚಬಾರದು. ಜ್ವರ ಬಂದವನ ಜಾಗ ಜ್ವರ ಬಿಡುವ ತನಕ ಅವನದೇ. ಹಾಗಾಗಿ ಮುಂದೆ ಮೇಷ್ಟ್ರ ಕ್ಲಾರಿನೆಟ್, ಹಿಂದೆ ಬಲಗಡೆ ನಾನು, ಎಡಗಡೆ ಏನೂ ಇಲ್ಲ. ಮೊನ್ನೆ ಹುಣಸೂರಿನ ದಿಬ್ಬಣದಲ್ಲಿ ಆ ಖಾಲಿ ಜಾಗ ಮರ್ಯಾದಸ್ಥರಿಗೆಂದೇ ಬಿಟ್ಟದ್ದು ಎಂದುಕೊಂಡು ಗಂಡಿನ ಸೋದರಮಾವ ಬಂದು ಸೇರಿಕೊಂಡ. ಜರಿ ಪೇಟ, ಕೈಯಲ್ಲಿ ತೆಂಗಿನಕಾಯಿ. ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಅಕ್ಕಪಕ್ಕದವರಿಗೆ ಕೈಮುಗಿಯುತ್ತ ಬಂದ. ನಾನೂ ಗೌರವದಿಂದ ಪ್ರತಿ ಹೆಜ್ಜೆಗೂ ಡ್ರಮ್ ಬಾರಿಸುತ್ತಿದ್ದೆ. ನಿಮ್ಮಪ್ಪ ಹಿಂದಿರುಗಿ ನೋಡಿ ಊದುವುದನ್ನೇ ನಿಲ್ಲಿಸಿದರು.

"ಸ್ವಾಮಿ, ಅದು ನಮ್ಮುಡುಗನ ಜಾಗ. ಇತ್ಲಾಗ್ ಬನ್ನಿ," ಅಂದರು.

ನಮ್ಮುಡುಗ ಅಂದರು ಕಣೋ. ಹೆಸರು ಹೇಳಲಿಲ್ಲ.

ಇಲ್ಲಿಗೆ ಬಿನ್ನಹ ಮುಗಿಯಿತು. ನಿನ್ನ ಬಲಗಡೆಯವನು,
ಚಂದು


ಮಾನಂದವಾಡಿ
2 ಸೆಪ್ಟೆಂಬರ್ 1998

ಚಂದು,

ಪತ್ರ ಬಂತು. ಶಿವಣ್ಣ ತಂದುಕೊಟ್ಟ. ಇಲ್ಲಿ ಕೆಲಸ ಪರವಾಗಿಲ್ಲ. ಹೋಟೆಲಿನವರು ಮಲಯಾಳಿಗಳು, ಒಳ್ಳೆಯವರು. ಊಟ, ಮಲಗುವ ಜಾಗ ಎರಡೂ ಇದೆ. ಮಳೆ ಬಿಡುವುದೇ ಇಲ್ಲ.

ಸಾಲು ಮುಚ್ಚಲು ಹೇಳು. ಮೈಸೂರಿನಲ್ಲಿ ಬೇಕಾದಷ್ಟು ಜನ ಸ್ಯಾಕ್ಸೋಫೋನಿನವರಿದ್ದಾರೆ.

ಇನ್ನು ಬರೆಯಬೇಡ.

ಕ್ಯಾಸೆಟ್ ನಿನ್ನ ಹತ್ತಿರವೇ ಇದೆಯಾ? ಸುಮ್ಮನೆ ಕೇಳಿದೆ.

ಲಿಂಗರಾಜು


ಮಿರ್ಲೆ
20 ಸೆಪ್ಟೆಂಬರ್ 1998

ಇನ್ನು ಬರೆಯಬೇಡ ಎಂದು ಅಪ್ಪಣೆ ಕೊಡಿಸಿದ ಪರೋಟಾಧೀಶರಿಗೆ,

ಅಪ್ಪಣೆ ತಲೆಯ ಮೇಲೆ ಹೊತ್ತುಕೊಂಡಿದ್ದೇನೆ. ಇದು ಪತ್ರವಲ್ಲ, ಇತಿಹಾಸ.

ಕ್ಯಾಸೆಟ್ ಇದೆ. ಅದನ್ನು ನಮಗೆ ಕೊಟ್ಟ ಇಂಗ್ರಿದ್ ಮೇಡಂ ನೆನಪಿದೆಯಲ್ಲ, ಬೈಲುಕುಪ್ಪೆಯ ಟಿಬೆಟ್ ಕ್ಯಾಂಪಿನಲ್ಲಿ ಪಾಠ ಹೇಳಲು ಬಂದಿರುವ ನಾರ್ವೆಯವರು? ಪಿರಿಯಾಪಟ್ಟಣದ ಬಸ್ಸಿನಲ್ಲಿ ಗೋಣಿಚೀಲದಿಂದ ಇಣುಕುತ್ತಿದ್ದ ನಿನ್ನ ಸ್ಯಾಕ್ಸೋಫೋನ್ ನೋಡಿ, ನುಡಿಸು ನುಡಿಸು ಎಂದು ಪೀಡಿಸಿ, ಕಂಡಕ್ಟರ್ ಬೈಯುವ ತನಕ ಕೇಳಿ, ಇಳಿಯುವಾಗ ಬ್ಯಾಗಿನಿಂದ ತೆಗೆದು ಕೊಟ್ಟರಲ್ಲ. ನಾನು ಹೋದ ಭಾನುವಾರ ಅಲ್ಲಿಗೆ ಹೋಗಿ ಅವರನ್ನು ಕಂಡು, ಈ ನೂರ್ವಿಕ್‌ನವರು ಯಾರು, ಎತ್ತ ಎಂದು ಸಮಗ್ರವಾಗಿ ವಿಚಾರಿಸಿದೆ. ಅವರ ಇಂಗ್ಲಿಷ್ ನಿಧಾನ. ನನ್ನದು ನಿಂತೇ ಇರುತ್ತದೆ. ಆದರೂ ಸಂಜೆಯ ಹೊತ್ತಿಗೆ ಇತಿಹಾಸ ಕೈಸೇರಿತು. ಭಕ್ತಿಯಿಂದ ಓದು.

ನಾರ್ವೆ ಎಂಬುದು ಭೂಮಿಯ ಮಾಳಿಗೆಯಲ್ಲಿರುವ ದೇಶ. ಅಲ್ಲಿ ನೂರ್ವಿಕ್ ಎಂಬ ಸಮುದ್ರದ ಊರು. ಮೀನಿಗೆ ಉಪ್ಪು ಹಾಕುವ ಒಂದು ಕೊಟ್ಟಿಗೆಯಲ್ಲಿ ನಾಲ್ವರು ಹುಡುಗರು ಸೇರಿ ಬ್ಯಾಂಡ್ ಕಟ್ಟಿದರು. ಪಿಯಾನೋದವನು, ದೊಡ್ಡ ತಂತಿವಾದ್ಯದವನು, ಡ್ರಮ್ಮಿನ ಥೋರ್, ಸ್ಯಾಕ್ಸೋಫೋನಿನ ಆರ್ನೆ. ಥೋರ್ ನಾನು, ಆರ್ನೆ ನೀನು ಎಂದು ತಿಳಿದುಕೊಂಡರೆ ಮಿಕ್ಕಿದ್ದು ಸಲೀಸು. ಇವರು ನುಡಿಸುವುದು ಜಾಜ್. ಜಾಜ್ ಎಂದರೆ ಒಬ್ಬ ಒಂದು ಹಾಡು ಬಿಚ್ಚುತ್ತಾನೆ, ಮಿಕ್ಕವರು ಅದನ್ನು ಕಂಡಕಂಡ ಕಡೆ ಮೇಯಿಸಿಕೊಂಡು ಹೋಗುತ್ತಾರೆ, ಕೊನೆಗೆ ಮರೆಯದೆ ತಂದು ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಇವರಿಗೆ ಮೊದಲು ಜಾಜ್ ನುಡಿಸುತ್ತಿದ್ದವರೆಲ್ಲ ಅಮೆರಿಕದ ಹಾಡುಗಳನ್ನೇ ಮೇಯಿಸುತ್ತಿದ್ದರಂತೆ. ಆರ್ನೆ ತನ್ನ ಹಳ್ಳಿಯ ಹಳೆಯ ರಾಗಗಳನ್ನು ತಂದ. ಜನ ಮೊದಲು ಎದ್ದು ಹೋದರು. ಆಮೇಲೆ ಕೂತರು. ಆಮೇಲೆ ನಿಂತು ಕೇಳಿದರು.

ಹೀಗಿರಲಾಗಿ ಒಂದು ದಿನ ಥೋರ್‌ಗೂ ಆರ್ನೆಗೂ ಮಾತಿಗೆ ಮಾತು ಬೆಳೆಯಿತು. ಏನು ಮಾತು ಎಂದು ಮೇಡಂಗೂ ಗೊತ್ತಿಲ್ಲ. ಆರ್ನೆ ಎದ್ದು ಹೋದ.

ಉಳಿದ ಮೂವರು ಅವನ ಬದಲಿಗೆ ಬೇರೆಯವನನ್ನು ಕರೆಯಲಿಲ್ಲ. ಕ್ಯಾಸೆಟ್ಟಿನ ಮೊದಲ ಬದಿ ಅವನಿದ್ದಾಗಿನದು, ಎರಡನೆಯ ಬದಿ ಅವನು ಹೋದ ಮೇಲಿನದು. ಅದೇ ರಾಗ. ನಡುವೆ ಡ್ರಮ್ಮಿನ ಸದ್ದು ಮಾತ್ರ ಮೆಲ್ಲಗೆ ಬರುವ ಕಡೆ ನೀನು ನಿಮ್ಮ ಮನೆ ಹಿಂದಿನ ನಮ್ಮ ಕೊಟ್ಟಿಗೆಯಲ್ಲಿ ಕೂತು ಸ್ಯಾಕ್ಸೋಫೋನ್ ತುಂಬುತ್ತಿದ್ದೆಯಲ್ಲ, ಅದು ಆರ್ನೆಯ ಜಾಗ. ಅವನಿಗೆಂದು ಬಿಟ್ಟದ್ದು. ಮಿರ್ಲೆಯ ನೀನು, ಹಸುವಿನ ಪಕ್ಕ ಕೂತು, ಅಲ್ಲಿ ಕೈಹಾಕಿದ್ದೆ.

ಇದಕ್ಕಿಂತ ದೊಡ್ಡ ತಮಾಷೆ ಕೇಳು. ಆ ಸೀಮೆಯ ಹೊಸ ಹುಡುಗರು ಎರಡನೆಯ ಬದಿ ಕೇಳಿ, ಇದೇ ಹೊಸ ಶೈಲಿ ಇರಬೇಕು ಎಂದುಕೊಂಡು, ಎಲ್ಲರೂ ಹಾಡಿನ ನಡುವೆ ಜಾಗ ಬಿಡಲು ಶುರುಮಾಡಿದರಂತೆ. ನಾರ್ವೆ ಆಯಿತು, ಸ್ವೀಡನ್ ಆಯಿತು, ಡೆನ್ಮಾರ್ಕ್ ಆಯಿತು. ಅವರ ಕಡೆ ಯಾರೂ ಬಿಟ್ಟುಹೋಗಿರಲಿಲ್ಲ. ಆದರೂ ಜಾಗ ಬಿಟ್ಟರು. ನೂರ್ವಿಕ್ ಬ್ಯಾಂಡಿನ ಪ್ರಭಾವ ಅಂದರೆ ಅದೇ ಎಂದರು ಮೇಡಂ. ನಾನು ಗಂಭೀರವಾಗಿ ತಲೆಯಾಡಿಸಿದೆ. ನಗು ಬರಲಿಲ್ಲ ಕಣೋ.

ಕೊನೆಯದಾಗಿ ಸ್ಥಳೀಯ ವಾರ್ತೆ. ನಿನ್ನ ತಂಗಿ ರಾಣಿಗೆ ಭೇರ್ಯದ ಕಡೆ ಗಂಡು ಗೊತ್ತಾಗಿದೆ. ಫೆಬ್ರವರಿಯಲ್ಲಿ ಮದುವೆ. ನಿಮ್ಮಪ್ಪನ ಮುಂದಿನ ಹಲ್ಲುಗಳೆಲ್ಲ ಅಲ್ಲಾಡುತ್ತಿವೆ. ಕೆ.ಆರ್. ನಗರದ ಡಾಕ್ಟರು ಕೀಳಿಸಲೇಬೇಕು ಎಂದಿದ್ದಾರೆ. ಹಲ್ಲಿಲ್ಲದೆ ಕ್ಲಾರಿನೆಟ್ಟಿನ ಬಾಯಿ ಕಚ್ಚಲಾಗುವುದಿಲ್ಲ ಎಂದು ನಿನಗೆ ಹೇಳಬೇಕಿಲ್ಲ. ಮದುವೆ ಆಗೋವರ್ಗೂ ಮುಟ್ಬ್ಯಾಡಿ, ನನ್ ಮಗಳನ್ನ ನಾನೇ ಊದಿ ಕಳಿಸ್ತೀನಿ ಎಂದು ಡಾಕ್ಟರಿಗೇ ಹೇಳಿ ಎದ್ದು ಬಂದಿದ್ದಾರೆ. ಬೀಗರು ಹೆಣ್ಣಿನ ಅಪ್ಪನೇ ಬ್ಯಾಂಡ್ ಊದುವುದು ಚೆಂದವಲ್ಲ, ಬೇರೆ ಊರಿನ ಸೆಟ್ ಕರೆಸಿ ಅಂದರು. ಇವರು ಕೇಳಲಿಲ್ಲ.

ಅಂದರೆ ಅದು ಅವರು ಊದುವ ಕೊನೆಯ ಮದುವೆ. ನಾನು ಏನೂ ಹೇಳುತ್ತಿಲ್ಲ. ಇತಿಹಾಸಕಾರನ ಕೆಲಸ ಬರೆಯುವುದಷ್ಟೇ.

ಇತಿ, ಮಿರ್ಲೆಯ ಆಸ್ಥಾನ ಇತಿಹಾಸಕಾರ,
ಚಂದು


ನಾರ್ವೆ ದೇಶ
25 ಅಕ್ಟೋಬರ್ 1998

ಚಿರಂಜೀವಿ ಲಿಂಗರಾಜುವಿಗೆ ನೂರ್ವಿಕ್ ಬ್ಯಾಂಡ್‌ಸೆಟ್ಟಿನ ಆರ್ನೆ ಮಾಡುವ ಆಶೀರ್ವಾದಗಳು.

ನಾನು ಕನ್ನಡವನ್ನು ಸ್ವಂತ ಪರಿಶ್ರಮದಿಂದ ಕಲಿತಿದ್ದೇನೆ. ನಮ್ಮ ಕಡೆ ವರ್ಷದಲ್ಲಿ ಬಹಳ ಕಾಲ ಕತ್ತಲೆ, ಬೇರೆ ಕೆಲಸವಿರುವುದಿಲ್ಲ. ಸದ್ಯ ಹಿಮ ಬೀಳುತ್ತಿದೆ. ರಾಗಿ ಪೈರು ಚೆನ್ನಾಗಿದೆ.

ನಿನ್ನ ವಿಷಯ ಇಂಗ್ರಿದ್ ತಿಳಿಸಿದಳು. ಕೇಳಿ ಮನಸ್ಸಿಗೆ ಬೇಜಾರಾಯಿತು. ನಾನೂ ನಿನ್ನ ಹಾಗೇ ಕೋಪಿಸಿಕೊಂಡು ಹೋದವನು. ಮೀನು ಹಿಡಿಯುವ ಹಡಗು ಸೇರಿದೆ. ಮೀನಿನ ಜೊತೆ ಎಷ್ಟು ದಿನ ಮಾತಾಡಲು ಆಗುತ್ತದೆ? ಒಂದು ಮಧ್ಯಾಹ್ನ ನೂರ್ವಿಕ್‌ಗೆ ವಾಪಸ್ ಬಂದೆ. ಉಪ್ಪಿನ ಕೊಟ್ಟಿಗೆಯ ಬಾಗಿಲು ತೆಗೆದಿತ್ತು. ಒಳಗೆ ಅದೇ ರಾಗ ನುಡಿಸುತ್ತಿದ್ದರು. ನನ್ನ ಜಾಗ ಬಂತು. ನಾನು ಬಾಗಿಲಲ್ಲೇ ನಿಂತು ಊದಿದೆ. ಯಾರೂ ತಿರುಗಿ ನೋಡಲಿಲ್ಲ. ಥೋರ್ ಮಾತ್ರ ಕಡ್ಡಿಯನ್ನು ಒಂದು ಸಲ ಜೋರಾಗಿ ಹೊಡೆದ. ಆಮೇಲೆ ಎಲ್ಲರೂ ಮೀನು ಸಾರು ಉಂಡೆವು.

ಆದ್ದರಿಂದ ನೀನೂ ಫೆಬ್ರವರಿಯ ಒಳಗೆ ಊರಿಗೆ ಹೋಗುವುದು ಸೂಕ್ತ ಎಂದು ನಾರ್ವೆಯ ಹಿರಿಯರೆಲ್ಲರ ಅಭಿಪ್ರಾಯ.

ಆರ್ನೆ
(ಬೆರಳಿಗೆ ಚಳಿ ಹಿಡಿದಿರುವುದರಿಂದ ಅಕ್ಷರ ನಿನ್ನ ಸ್ನೇಹಿತನೊಬ್ಬನ ಅಕ್ಷರದಂತೆ ಕಂಡರೆ ಕ್ಷಮಿಸು.)


ಮಾನಂದವಾಡಿ
15 ನವೆಂಬರ್ 1998

ಆರ್ನೆಯವರಿಗೆ,
ನಾರ್ವೆ, ವಯಾ ಮಿರ್ಲೆ

ಪತ್ರದ ಮೇಲೆ ಕೆ.ಆರ್. ನಗರದ ಮುದ್ರೆ ಇತ್ತು. ನಿಮಗೆ ಅದೇ ಹತ್ತಿರದ ಅಂಚೆಕಚೇರಿ ಇರಬಹುದು. ರಾಗಿ ಚೆನ್ನಾಗಿದೆ ಎಂದು ತಿಳಿದು ಸಂತೋಷ.

ನಿಮಗೆ ಚಂದು ಎಂಬ ಒಬ್ಬನ ಪರಿಚಯ ಇರಬಹುದು. ಅವನಿಗೆ ಏನು ಹೇಳಿದರೂ ತಮಾಷೆ ಮಾಡುತ್ತಾನೆ. ಅದಕ್ಕೇ ಇಷ್ಟು ದಿನ ಅವನಿಗೆ ಹೇಳಿಲ್ಲ. ನೀವು ಪರದೇಶದವರು, ನಿಮಗಾದರೆ ಬರೆಯಬಹುದು.

ಹೊಡೆದದ್ದಕ್ಕೆ ನಾನು ಬಂದಿಲ್ಲ. ಅಪ್ಪ ಚಿಕ್ಕಂದಿನಿಂದ ಹೊಡೆದಿದ್ದಾರೆ. ಬೆರಳು ತಪ್ಪಿದರೆ ಕ್ಲಾರಿನೆಟ್ಟಿನಿಂದಲೇ ಮೊಟಕುತ್ತಿದ್ದರು. ಅವತ್ತು ಆ ರಾಗ ನಾನು ನುಡಿಸಿದ್ದು ಮದುವೆಯವರಿಗಲ್ಲ. ಅಪ್ಪ ಕೇಳಲಿ ಎಂದು. ಕೊಟ್ಟಿಗೆಯಲ್ಲಿ ಒಂದು ವರ್ಷ ನುಡಿಸಿದ್ದೆ. ಅವರು ಒಂದು ದಿನವೂ ಬಂದು ಇದೇನಪ್ಪ ಎಂದು ಕೇಳಿರಲಿಲ್ಲ. ಛತ್ರದಲ್ಲಿ ಸಾಲಿನಲ್ಲಿ ನಿಂತಿದ್ದರೆ ಅವರು ಎಲ್ಲಿಗೂ ಹೋಗುವಂತಿಲ್ಲ, ಕೇಳಲೇಬೇಕು ಎಂದುಕೊಂಡೆ. ಕೇಳಲಿಲ್ಲ. ಗಂಡಿನ ದೊಡ್ಡಪ್ಪ ಹೆಣದ ರಾಗ ಎಂದದ್ದನ್ನು ಕೇಳಿದರು.

ಇಲ್ಲಿ ಪರೋಟದ ಹಿಟ್ಟು ನಾದುವಾಗ ಬೆರಳು ತಾನಾಗಿ ಕೀಲಿಗಳನ್ನು ಹುಡುಕುತ್ತದೆ. ಒಂದೊಂದು ಪರೋಟದಲ್ಲಿ ಅರ್ಧ ರಾಗ ಇರುತ್ತದೆ. ಗಿರಾಕಿಗಳು ಸಾಗು ಹಚ್ಚಿಕೊಂಡು ತಿನ್ನುತ್ತಾರೆ.

ಊರಿನ ದಾರಿ ಗೊತ್ತಿದೆ. ಬಸ್ಸೂ ಗೊತ್ತಿದೆ. ಛತ್ರದ ಬಾಗಿಲಲ್ಲಿ ಹೋಗಿ ನಿಂತಾಗ ಅಪ್ಪನ ಮುಖ ಹೇಗಿರುತ್ತದೆ ಎಂಬುದೊಂದು ಗೊತ್ತಿಲ್ಲ. ದಿನಾ ಒಂದೊಂದು ಥರ ಅಂದುಕೊಳ್ಳುತ್ತೇನೆ.

ನೀವು ಬಾಗಿಲಲ್ಲಿ ನಿಂತು ಊದಿದೆ ಎಂದು ಬರೆದಿದ್ದೀರಿ. ಅದು ನಿಜವೇ? ನೀವು ನಿಜವಾಗಿ ವಾಪಸ್ ಬಂದಿರಾ? ಈ ಒಂದು ಪ್ರಶ್ನೆಗೆ ಚಂದು ಉತ್ತರ ಬರೆದರೂ ಆದೀತು. ತಮಾಷೆ ಬೇಡ ಎಂದು ಅವನಿಗೆ ಹೇಳಿ.

ಲಿಂಗರಾಜು


ಮಿರ್ಲೆ
6 ಡಿಸೆಂಬರ್ 1998

ಲಿಂಗ,

ಬರಲಿಲ್ಲ.

ಆರ್ನೆ ಉತ್ತರದ ಕಡೆ ಹೋಗಿ ದೋಣಿ ರಿಪೇರಿ ಕೆಲಸ ಮಾಡಿಕೊಂಡಿದ್ದನಂತೆ. ಮೂವರೂ ಅವನ ಜಾಗ ಬಿಟ್ಟುಕೊಂಡೇ ಮುದುಕರಾದರು. ಥೋರ್ ತೀರಿಕೊಂಡ ಮೇಲೆ ಬ್ಯಾಂಡ್ ನಿಂತಿತು. ಆರ್ನೆ ಇನ್ನೂ ಇದ್ದಾನೆ. ಈಗ ಬರಬೇಕೆಂದರೂ ಯಾರ ಹತ್ತಿರ ಬರುತ್ತಾನೆ?

ಮೇಡಂ ಇದನ್ನು ಸೆಪ್ಟೆಂಬರಿನಲ್ಲೇ ಹೇಳಿದ್ದರು. ನಿನಗೆ ಬರೆಯಲು ಕೈ ಬರಲಿಲ್ಲ.

ಶಿವಣ್ಣನ ಕೈಲಿ ಕ್ಯಾಸೆಟ್ ಕಳಿಸಿದ್ದೇನೆ. ಅದು ನಿನ್ನದೇ.

ಚಂದು


ಮಾನಂದವಾಡಿ
3 ಜನವರಿ 1999

ಚಂದು,

ನಿನ್ನ ಟೇಪ್‌ರೆಕಾರ್ಡರನ್ನು ಒಲೆಗೆ ಹಾಕು.

ಹೋಟೆಲ್ ಯಜಮಾನರ ಹತ್ತಿರ ಕರೆಂಟಿಗೆ ಹಾಕುವ ದೊಡ್ಡ ಟೇಪು ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಯಾಸೆಟ್ ಹಾಕಿದೆ. ನಮ್ಮ ರಾಗ ಓಡುತ್ತಿತ್ತು. ಟೇಪು ಕೆಟ್ಟಿದೆ ಎಂದೆ. ಯಜಮಾನರು ತಮ್ಮ ಮಲಯಾಳಂ ಹಾಡು ಹಾಕಿ ತೋರಿಸಿದರು, ಸರಿಯಾಗಿಯೇ ಇತ್ತು. ಮತ್ತೆ ನಮ್ಮದು ಹಾಕಿದೆ. ಮತ್ತೆ ಅದೇ ಓಟ. ಒಳಗಿನಿಂದ ಪಾತ್ರೆ ತೊಳೆಯುವ ಚೆಲುವಮ್ಮ ಬಂದು, ನಮ್ಮ ಹುಣಸೂರು ಕಡೆಯವಳು, "ಇದ್ಯಾವುರ ದಿಬ್ಬಣುದ್ದಪ್ಪಾ," ಎಂದಳು.

ಆಗ ಹೊಳೆಯಿತು. ನೀನು ಹೊಸ ಶೆಲ್ ಹಾಕದೆ, ಇಳಿದ ಶೆಲ್ಲುಗಳನ್ನೇ ಹೆಂಚಿನ ಮೇಲೆ ಬಿಸಿಲಿಗೆ ಒಣಗಿಸಿ ಒಣಗಿಸಿ ಹಾಕುತ್ತಿದ್ದೆಯಲ್ಲ. ಅದರಲ್ಲಿ ಹಾಡುವ ಹೆಂಗಸರೆಲ್ಲ ಗಂಡಸರಾಗುತ್ತಿದ್ದರು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನೂರ್ವಿಕ್ ಕ್ಯಾಸೆಟ್ಟಿನಲ್ಲಿ ಹಾಡುವವರೇ ಇಲ್ಲ. ಅದು ಎಳೆಯುತ್ತಿದೆ ಎಂದು ನಮಗೆ ತಿಳಿಯಲೇ ಇಲ್ಲ. ಶೆಲ್ ಇಳಿದ ಹಾಗೆ ಶ್ರುತಿ ಇಳಿಯಿತು, ನಾನೂ ಇಳಿದೆ. ನಾರ್ವೆಯವರು ದುಃಖದಿಂದ ನುಡಿಸಿದ್ದಾರೆ ಎಂದುಕೊಂಡು ನಾನೂ ದುಃಖದಿಂದ ನುಡಿಸಿದೆ. ಅವರು ಕುಣಿಯುತ್ತಿದ್ದರು ಕಣೋ.

ಒಂದು ವರ್ಷ ನಾನು ನಿನ್ನ ಶೆಲ್ಲನ್ನು ನುಡಿಸಿದ್ದೇನೆ.

ಮೇಡಂ ಅವರನ್ನು ಕೇಳು, ಅದು ಏನು ರಾಗ ಎಂದು.

ಲಿಂಗರಾಜು


ಮಿರ್ಲೆ
24 ಜನವರಿ 1999

ಸತ್ಯಶೋಧಕ ಲಿಂಗರಾಜು ಅವರಿಗೆ, ಹೆಂಚಿನ ಮೇಲೆ ಶೆಲ್ ಒಣಗಿಸಿ ಒಂದು ಖಂಡದ ಸಂಗೀತವನ್ನೇ ಅಳುಮುಂಜಿ ಮಾಡಿದ ಚಂದು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದು.

ಇಂಗ್ರಿದ್ ಮೇಡಂ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಪೆಟ್ಟಿಗೆ ಕಟ್ಟುತ್ತಲೇ ಹೇಳಿದರು. ಆರ್ನೆಯ ಹಳ್ಳಿಯಲ್ಲಿ ಮದುವೆ ಹೆಣ್ಣನ್ನು ಕರೆದುಕೊಂಡು ಹೋಗುವಾಗ ಪಿಟೀಲಿನವರು ಮುಂದೆ ನುಡಿಸುತ್ತ ನಡೆಯುತ್ತಾರಂತೆ. ಹಿಂದೆ ಹೆಣ್ಣು, ಗಂಡು, ನೆಂಟರು. ಅದು ಆ ರಾಗ. ಆರ್ನೆಯ ಅಪ್ಪ ಅದನ್ನು ನುಡಿಸುತ್ತಿದ್ದವನಂತೆ. ಅವರಲ್ಲೂ ದಿಬ್ಬಣ ಇದೆ, ಅವರಲ್ಲೂ ಮುಂದೆ ನಡೆಯುವ ಮೇಷ್ಟ್ರು ಇದ್ದಾರೆ. ಅಂದರೆ ಅವತ್ತು ಪಿರಿಯಾಪಟ್ಟಣದಲ್ಲಿ ನೀನು ನುಡಿಸಿದ್ದು ಅಪ್ಪಟ ಮದುವೆ ರಾಗ. ನಡಿಗೆ ಮಾತ್ರ ಹೆಣದ್ದು, ಅದು ನನ್ನ ಕೊಡುಗೆ.

ಇದನ್ನು ನಿಮ್ಮಪ್ಪನಿಗೆ ಹೇಳಲೇಬೇಕೆಂದು ಸೀದಾ ಹೋದೆ. ಜಗಲಿಯಲ್ಲಿ ಕೂತು ಕ್ಲಾರಿನೆಟ್ ಒರೆಸುತ್ತಿದ್ದರು. ಶೆಲ್ಲಿನಿಂದ ಹಿಡಿದು ನಾರ್ವೆಯ ದಿಬ್ಬಣದ ತನಕ ಎಲ್ಲ ಹೇಳಿದೆ. ನಿಮ್ಮಮ್ಮ ಸಣ್ಣತಾಯಮ್ಮ ಮೊರ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ನಿಮ್ಮಪ್ಪ ತಲೆ ಎತ್ತಲಿಲ್ಲ. ಒರೆಸಿದ್ದನ್ನೇ ಒರೆಸಿದರು. ನಾನು ಎದ್ದು ಅಂಗಳ ದಾಟುವ ಹೊತ್ತಿಗೆ ಕೂಗಿದರು.

"ಅವ್ನ ಟೋಪಿ ಎಲ್ಲೈತ್ಲಾ?"

"ನಮ್ಮನೆ ಗೂಟದಲ್ಲೈತೆ ಮೇಷ್ಟ್ರೇ."

"ಒಗ್ಸಿಡು," ಎಂದರು.

ಮದುವೆ ಫೆಬ್ರವರಿ 21ಕ್ಕೆ, ಕೆ.ಆರ್. ನಗರದ ಛತ್ರದಲ್ಲಿ. ನಾನು ನಿನ್ನನ್ನು ಕರೆಯುತ್ತಿಲ್ಲ. ಟೋಪಿ ಒಗೆಸಿದ್ದೇನೆ ಎಂದು ತಿಳಿಸುತ್ತಿದ್ದೇನೆ.

ಚಂದು


ಮಿರ್ಲೆ
16 ಮೇ 1999

ನಾರ್ವೆ ದೇಶದಲ್ಲಿ ಸುಖವಾಗಿ ಇದ್ದೀರೆಂದು ನಂಬಿರುವ ಇಂಗ್ರಿದ್ ಮೇಡಂ ಅವರಿಗೆ,

ಇದನ್ನು ನಮ್ಮ ಹೈಸ್ಕೂಲಿನ ನೀಲಕಂಠಸ್ವಾಮಿ ಮೇಷ್ಟ್ರು ಇಂಗ್ಲಿಷಿಗೆ ಮಾಡಿ ಕಳಿಸುತ್ತಾರೆ. ಅವರು ಶಿಸ್ತಿನವರು, ತಮಾಷೆಗಳನ್ನೆಲ್ಲ ತೆಗೆದುಹಾಕುತ್ತಾರೆ. ಹಾಗಾಗಿ ಪತ್ರ ಚಿಕ್ಕದಾಗಿ ಕಂಡರೆ ನನ್ನ ತಪ್ಪಲ್ಲ.

ನಿಮ್ಮ ದೇಶದ ಇತಿಹಾಸಕ್ಕೆ ನಾವು ಒಂದು ತಿದ್ದುಪಡಿ ತಂದಿದ್ದೇವೆ. ಸಂಬಂಧಪಟ್ಟವರಿಗೆ ತಿಳಿಸುವುದು.

ಮದುವೆಯ ದಿನ ಧಾರೆ ಮುಗಿಯುವ ತನಕ ಲಿಂಗರಾಜು ಬರಲಿಲ್ಲ. ನಾನು ಅವನ ಸ್ಯಾಕ್ಸೋಫೋನನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ಹಿಂದಿನ ವರ್ಷದ ಮೇ ತಿಂಗಳಿನಿಂದ ಎಲ್ಲ ಮದುವೆಗೂ ಹೊತ್ತಿದ್ದೆ. ಊಟದ ಕೊನೆಯ ಪಂಕ್ತಿ ಕೂತಾಗ ದೊಡ್ಡ ಡ್ರಮ್ಮಿನ ಬಸವರಾಜು ನನ್ನ ಪಕ್ಕೆಗೆ ತಿವಿದ. ಪಂಕ್ತಿಯ ತುದಿಯಲ್ಲಿ, ಬೀಗರ ಕಡೆಯವರ ನಡುವೆ, ಲಿಂಗರಾಜು ತಲೆ ತಗ್ಗಿಸಿ ಕೂತು ಅನ್ನ ಕಲೆಸುತ್ತಿದ್ದ. ಯಾರೂ ಗುರುತಿಸಿರಲಿಲ್ಲ. ಅವನ ಎಲೆಗೆ ಪಾಯಸ ಬಡಿಸಲು ಬಂದವರು ಅವನಮ್ಮ ಸಣ್ಣತಾಯಮ್ಮ. ಸೌಟು ಹಿಡಿದು ನಿಂತೇಬಿಟ್ಟರು. ಪಾಯಸ ಎಲೆಯಿಂದ ಆಚೆ ಹರಿಯಿತು. ನಾನು ಹೋಗಿ ಎಲೆಯ ಪಕ್ಕ ಟೋಪಿ ಇಟ್ಟು ಬಂದೆ.

ಹೆಣ್ಣು ಒಪ್ಪಿಸುವ ಹೊತ್ತಾಯಿತು. ಛತ್ರದ ಮುಂದೆ ಅಂಬಾಸಿಡರ್ ಕಾರು ಹೂವು ಹೊತ್ತು ನಿಂತಿತ್ತು. ಚಿಕ್ಕಬೀರಯ್ಯನವರು ಧಾರೆಯ ಪಂಚೆಯಲ್ಲೇ ಬಂದು ಸಾಲಿನ ಮುಂದೆ ನಿಂತರು. ಮಗಳನ್ನು ಒಪ್ಪಿಸುವಾಗ ಹಾಲಿಗೆ ಅದ್ದಿದ ಕೈ ಇನ್ನೂ ಒದ್ದೆ ಇತ್ತು. ಲಿಂಗರಾಜು ಟೋಪಿ ಇಟ್ಟುಕೊಂಡು, ಗೋಣಿಚೀಲದಿಂದ ಸ್ಯಾಕ್ಸೋಫೋನ್ ತೆಗೆದು ಬಂದು ನನ್ನ ಎಡಗಡೆ ನಿಂತ. ಅವನ ಅಪ್ಪ ಹಿಂದಿರುಗಿ ನೋಡಲಿಲ್ಲ. ನಾನು ಡ್ರಮ್ ಹಿಡಿದುಕೊಂಡಿದ್ದೆನೇ ಹೊರತು ಕಡ್ಡಿ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಕೈಯಲ್ಲೇ ಇತ್ತು.

ಲಿಂಗರಾಜು ನಿಮ್ಮ ರಾಗ ಎತ್ತಿದ. ನಿಮ್ಮವರು ನುಡಿಸುವ ಹಾಗೇ, ಅಪ್ಪಟ ದಿಬ್ಬಣದ ನಡಿಗೆಯಲ್ಲಿ. ಮಾನಂದವಾಡಿಯಲ್ಲಿ ಬೆರಳಿನಲ್ಲೇ ಕಲಿತಿದ್ದ. ನಾನೂ ಬಸವರಾಜುವೂ ಹಿಡಿದುಕೊಂಡೆವು. ಭೇರ್ಯದ ಹುಡುಗರು ಅಲ್ಲೇ ಕುಣಿಯಲು ನಿಂತರು. ಎಲ್ಲರ ಮುಖ ಅರಳಿತು, ಅಳುತ್ತಿದ್ದ ರಾಣಿ ಕೂಡ ಮೂಗು ಒರೆಸಿಕೊಂಡು ಅಣ್ಣನ ಕಡೆ ನೋಡಿ ನಕ್ಕಳು. ಚಿಕ್ಕಬೀರಯ್ಯನವರು ಮಾತ್ರ ಕ್ಲಾರಿನೆಟ್ ಬಾಯಿಗಿಟ್ಟುಕೊಂಡು ಊದದೆ ನಿಂತಿದ್ದರು. ರಾಗ ಒಂದು ಸುತ್ತು ಬಂತು.

ಎರಡನೆಯ ಸುತ್ತಿಗೆ ಅವರು ಊದಿದರು. ಮೇಡಂ, ಅವರು ಅದೇ ರಾಗವನ್ನು ಊದಿದರು. ನಿಧಾನಕ್ಕೆ. ನಮ್ಮ ಶೆಲ್ಲಿನ ನಡಿಗೆಯಲ್ಲಿ. ಒಂದು ಸ್ವರವೂ ಆಚೀಚೆ ಇಲ್ಲದೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಲಿಂಗರಾಜು ಅವತ್ತು ಪಿರಿಯಾಪಟ್ಟಣದಲ್ಲಿ ನುಡಿಸಿದ ಹಾಗೇ. ಅಲ್ಲಾಡುವ ಹಲ್ಲಿನ ಸಂದಿನಿಂದ ಉಸಿರು ಸೋರುತ್ತಿತ್ತು, ಅದೂ ರಾಗಕ್ಕೆ ಸೇರಿಕೊಂಡಿತು. ನನ್ನ ಕಡ್ಡಿ ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತು. ಲಿಂಗರಾಜು ಅಪ್ಪನ ಬೆನ್ನು ನೋಡುತ್ತ ತಾನೂ ನಿಧಾನವಾದ. ಕುಣಿಯುತ್ತಿದ್ದವರು ಕೈ ಇಳಿಸಿದರು. ನಡುವೆ ಆರ್ನೆಯ ಜಾಗ ಬಂತು. ಇಬ್ಬರೂ ಬಿಟ್ಟರು. ರಾಣಿ ಕಾರಿನ ಬಾಗಿಲು ಹಿಡಿದುಕೊಂಡ ಬಳೆಯ ಸದ್ದೊಂದೇ ಕೇಳಿತು. ಆಮೇಲೆ ಇಬ್ಬರೂ ಒಟ್ಟಿಗೆ ಎತ್ತಿದರು.

ಕಾರು ಹೋಯಿತು. ಯಾರೂ ಹೆಣದ ರಾಗ ಎನ್ನಲಿಲ್ಲ. ನಾನು ಸುಮ್ಮನಿರಲಾರದೆ, ಮೇಷ್ಟ್ರೇ, ಇದನ್ನು ಯಾವಾಗ ಕಲಿತಿರಿ ಎಂದು ಕೇಳಿದೆ.

"ಕೊಟ್ಟಿಗೇಲಿ ಒಂದ್ ವರ್ಸ ಅದ್ನೇ ಕೂಗಿಸ್ತಿದ್ರಲ್ಲ. ಹಸೂಗೇ ಬಾಯಿಪಾಠ ಆಗೋಗಿತ್ತು, ನಂಗಾಗ್ದೇ ಇದ್ದಾತ್ಲಾ?" ಎಂದರು. ನನಗೆ ಹೇಳಿದರು, ನೋಡಿದ್ದು ಲಿಂಗರಾಜುವನ್ನು. ಲಿಂಗರಾಜು ಸ್ಯಾಕ್ಸೋಫೋನಿನ ನೀರು ಝಾಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದ. ಬಹಳ ಹೊತ್ತು ಝಾಡಿಸಿದ.

ಮಾರನೆಯ ವಾರ ಚಿಕ್ಕಬೀರಯ್ಯನವರ ಹಲ್ಲು ಕೀಳಿಸಿದರು. ಕ್ಲಾರಿನೆಟ್ ಪೆಟ್ಟಿಗೆ ಸೇರಿತು. ಲಿಂಗರಾಜು ಮಾನಂದವಾಡಿಗೆ ಹೋಗಿ ಹೋಟೆಲಿನವರಿಗೆ ಹೇಳಿ ಬಂದ. ಈಗ ಎಡಗಡೆ ಅವನು, ಬಲಗಡೆ ನಾನು. ಮುಂದೆ ನಡೆಯಲು ಅವನಿಗೆ ಎಲ್ಲರೂ ಹೇಳಿದೆವು. ಕೇಳಲಿಲ್ಲ. ಹಾಗಾಗಿ ನಮ್ಮ ಸೆಟ್ಟಿನ ಮುಂದೆ ಒಬ್ಬರು ನಡೆಯುವಷ್ಟು ಜಾಗ ಖಾಲಿ ಇರುತ್ತದೆ. ಮೊನ್ನೆ ಭೇರ್ಯದಲ್ಲಿ ಒಬ್ಬ ಯಜಮಾನರು ಪೇಟ ಸರಿಮಾಡಿಕೊಂಡು ಅಲ್ಲಿ ಬಂದು ನಿಂತರು. ಲಿಂಗರಾಜು ಊದುವುದನ್ನು ನಿಲ್ಲಿಸಿ, ಸ್ವಾಮಿ, ಅದು ನಮ್ಮಪ್ಪನ ಜಾಗ ಎಂದ.

ನಾವು ಮದುವೆ ಮುಗಿಸಿ ಬರುವಾಗ ಚಿಕ್ಕಬೀರಯ್ಯನವರು ಜಗಲಿಯಲ್ಲಿ ಕೂತಿರುತ್ತಾರೆ. ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ಊಟ ಹೇಗಿತ್ತು, ಜನ ಎಷ್ಟಿತ್ತು ಎಂದೇನೂ ಕೇಳುವುದಿಲ್ಲ. ಹಲ್ಲಿಲ್ಲದ ಬಾಯಲ್ಲಿ ಪ್ರತಿ ಸಲವೂ ಕೇಳುವುದು ಒಂದೇ.

"ಮುಂದ್ಗಡೆ ಯಾರ್ಲಾ ನಡುದ್ರು?"

"ಯಾರೂ ಇಲ್ಲ ಕಣಪ್ಪ," ಎನ್ನುತ್ತಾನೆ ಲಿಂಗರಾಜು.

ಆಗ ಅವರು ಪೆಟ್ಟಿಗೆಯ ಕೊಂಡಿ ತೆಗೆಯುತ್ತಾರೆ. ಮತ್ತೆ ಹಾಕುತ್ತಾರೆ.

ಆರ್ನೆಯವರು ಎಲ್ಲಾದರೂ ಸಿಕ್ಕಿದರೆ ನಮ್ಮ ನಮಸ್ಕಾರ ಹೇಳಿ.

ನಾರ್ವೆಗೆ ಅತಿ ಹತ್ತಿರದ ಅಂಚೆಕಚೇರಿಯಿಂದ,
ಸೈಡ್ ಡ್ರಮ್ ಚಂದು